ಎಡಗಡೆಯ ಸದ್ದು

ಕಾಪು
ಜೂನ್ 12, 2024

ಫೌಸ್ಟಿನ್,

ನಾಲ್ಕು ವರ್ಷ ಮಾತಿಲ್ಲದೆ ಇದ್ದು ಈಗ ಒಮ್ಮೆಗೇ ಪತ್ರ ಎಂತಕ್ಕೆ ಎಂದು ನೀನು ಕೇಳಬಹುದು. ಕೆಲಸ ಉಂಟು, ಅದಕ್ಕೆ. ಬೇರೆಯವರನ್ನು ಕೇಳಿ ನೋಡಿದೆ. ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ನಿಟ್ಟೆಯಲ್ಲಿ ಓದುವಾಗ ನನ್ನ ಸದ್ದುಗಳನ್ನು ಕೇಳಿ ಮುಖ ಸಿಂಡರಿಸುತ್ತಿದ್ದವನು ನೀನೊಬ್ಬನೇ. ಆ ಮುಖ ಈಗ ನನಗೆ ಬೇಕು.

ನಾನು ಇನ್ನೂ ಅದನ್ನೇ ಮಾಡುತ್ತಿದ್ದೇನೆ. ಹಾಡಿಲ್ಲ, ತಾಳವಿಲ್ಲ, ಸದ್ದು ನಿಧಾನವಾಗಿ ಬಣ್ಣ ಬದಲಾಯಿಸುತ್ತಾ ಹೋಗುವುದು ಮಾತ್ರ. ಮನೆಯ ಮೇಲಿನ ಕೋಣೆಯೇ ಸ್ಟುಡಿಯೋ. ಕಿಟಕಿಗೆ ಹಳೆಯ ಹಾಸಿಗೆ ಒರಗಿಸಿದ್ದೇನೆ. ನನ್ನ ಗಂಡ ಗುರುಪ್ರಸಾದರ ಅಜ್ಜಿಯ ಭಜನಾ ಹಾರ್ಮೋನಿಯಂನ ಒಂದು ಮನೆಗೆ ಟೇಪು ಅಂಟಿಸಿ, ಅದೊಂದೇ ಸ್ವರ ಗಂಟೆಗಟ್ಟಲೆ ಹಿಡಿದಿದ್ದೇನೆ. ಮೇ ತಿಂಗಳಿನಲ್ಲಿ ದೀಪಸ್ತಂಭದ ಕೆಳಗಿನ ಬಂಡೆಗಳ ನಡುವೆ ತಾಮ್ರದ ಹಂಡೆ ಇಟ್ಟು, ಅದರೊಳಗೆ ಮೈಕ್ ಇಳಿಸಿ ಅಲೆ ಹಿಡಿದೆ. ಆಮೇಲೆ ಅದನ್ನು ಎಳೆದೆಳೆದು ನಿಧಾನ ಮಾಡಿದೆ. ಅಷ್ಟು ನಿಧಾನವಾದಾಗ ಅದು ನೀರಾಗಿ ಉಳಿಯುವುದಿಲ್ಲ. ಮಹಡಿಯ ಮೇಲೆ ಯಾರೋ ಭಾರದ ಕಪಾಟು ಎಳೆಯುತ್ತಿರುವ ಹಾಗೆ ಕೇಳುತ್ತದೆ.

ಡಿಸೆಂಬರಿನಲ್ಲಿ ಮಣಿಪಾಲದಲ್ಲಿ ಪ್ರದರ್ಶನ. ಪ್ರತೀಕ್ ಎಂಬ ಹುಡುಗನ ತಂಡ ಮಾಡಿಸುತ್ತಿದೆ. ಸಭಾಂಗಣದ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್, ಜನ ನಡುವೆ ಕೂರುತ್ತಾರೆ, ಸದ್ದು ಅವರ ಸುತ್ತ ತಿರುಗಬೇಕು. ಹಾಗಾಗಿ ಯಾವುದು ಯಾವ ಬದಿಯಿಂದ ಬರುತ್ತದೆ ಎನ್ನುವುದೇ ಮುಖ್ಯ.

ಲಕೋಟೆಯಲ್ಲಿ ಮೆಮೊರಿ ಕಾರ್ಡ್ ಉಂಟು. ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳು. ಎಡಗಡೆ ಸರಿ ಉಂಟಾ ಎಂದು ಮುಖ್ಯವಾಗಿ ಹೇಳು. ಫೋನ್ ಮಾಡಬೇಡ, ಮೇಲಿನ ಕೋಣೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಬರೆ.

ವಿಭಾ


ಕಾರ್ಕಳ
ಜೂನ್ 21, 2024

ವಿಭಾ,

ಫೋನಿನಲ್ಲಾಗಿದ್ದರೆ ತುಳುವಿನಲ್ಲಿ ಎರಡು ಮಾತು ಆಡುತ್ತಿದ್ದೆ. ಕನ್ನಡದಲ್ಲಿ ಬರೆಯಲು ಕೂತರೆ ಮರ್ಯಾದೆ ತಾನಾಗಿ ಬರುತ್ತದೆ, ನಿನ್ನ ಪುಣ್ಯ.

ನಾನು ಈಗ ಅದೆಲ್ಲ ಮಾಡುತ್ತಿಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ, ಭಾನುವಾರ ಇಗರ್ಜಿಯಲ್ಲಿ ಗಾಯನ ತಂಡಕ್ಕೆ ಕೀಬೋರ್ಡ್ ನುಡಿಸುತ್ತೇನೆ. ಅಷ್ಟೇ.

ಕೇಳಿದೆ. ಹಂಡೆಯ ಅಲೆ ಚೆನ್ನಾಗಿದೆ. ಚೆನ್ನಾಗಿದೆ ಎಂದು ನಾನು ಸುಮ್ಮನೆ ಹೇಳುವವನಲ್ಲ ಎಂದು ನಿನಗೆ ಗೊತ್ತು. ಹಾರ್ಮೋನಿಯಂ ಅದರೊಳಗೆ ಬರುವ ಜಾಗದಲ್ಲಿ ನಾನು ಎರಡು ಸಲ ಹಿಂದೆ ಹೋಗಿ ಕೇಳಿದೆ.

ಎಡಗಡೆ ಸರಿ ಇಲ್ಲ. ವಿಪರೀತ ಜೋರು. ಸಣ್ಣ ಚೂಪು ಸದ್ದುಗಳೆಲ್ಲ ಆ ಬದಿಯಲ್ಲಿ ಅರದ ಹಾಗೆ ತಿಕ್ಕುತ್ತವೆ. ಹೆಡ್‌ಫೋನ್ ತೆಗೆದ ಮೇಲೂ ನನ್ನ ಎಡಕಿವಿ ನೋಯುತ್ತಿತ್ತು. ಅದು ಬೇಕೆಂದೇ ಮಾಡಿದ್ದೋ? ಅಲ್ಲವಾದರೆ ಸರಿಪಡಿಸು.

ಫೌಸ್ಟಿನ್


ಕಾಪು
ಜುಲೈ 3, 2024

ಫೌಸ್ಟಿನ್,

ಸರಿಪಡಿಸಿದ್ದೇನೆ. ಹೊಸ ಕಾರ್ಡ್ ಇಟ್ಟಿದ್ದೇನೆ. ನನ್ನ ಎಡ ಸ್ಪೀಕರಿನದ್ದೇ ತೊಂದರೆ ಇರಬೇಕು, ಹಳೆಯದು.

ಈಗ ನಡುವಿನ ಭಾಗಕ್ಕೆ ಕಲ್ಲು ಬೇಕು. ಅಲೆ ಸುತ್ತು ಹಾಕಿ ಬಂದು ಎಲ್ಲಿಗಾದರೂ ಬಡಿಯಬೇಕಲ್ಲ. ಕಾರ್ಕಳದಲ್ಲಿ ಮೂರ್ತಿ ಕೆತ್ತುವ ಶೆಡ್ಡುಗಳಿವೆ, ನಿನಗೆ ಹತ್ತಿರ. ಉಳಿಯ ಏಟಲ್ಲ ನನಗೆ ಬೇಕಾದ್ದು, ಏಟು ಬಿದ್ದ ಮೇಲೆ ಕಲ್ಲಿನೊಳಗೆ ಒಂದು ಚೂರು ಹೊತ್ತು ಉಳಿಯುತ್ತದಲ್ಲ, ಅದು. ಕಲ್ಲಿಗೆ ಅಂಟಿಸುವ ಮೈಕ್ ನಿನ್ನ ಹತ್ತಿರ ಇನ್ನೂ ಉಂಟಾ?

ಇಲ್ಲಿ ಮಳೆ. ಬೋಟುಗಳೆಲ್ಲ ಮೇಲೆ ಎಳೆದು ಕೂತಿವೆ. ಮಗಳು ಅಪ್ಪಿ ಒಂದನೇ ತರಗತಿಗೆ ಹೋಗುತ್ತಿದ್ದಾಳೆ. ಬೆಳಿಗ್ಗೆ ಸ್ಕೂಟರಿನಲ್ಲಿ ಬಿಟ್ಟು ಬರುವುದು ನನ್ನ ಕೆಲಸ. ನಿನ್ನೆ ಸರ್ವಿಸ್ ರಸ್ತೆಯಲ್ಲಿ ಒಂದು ಬಸ್ಸು ಎಡಗಡೆಯಿಂದ ಉಜ್ಜಿಕೊಂಡೇ ಹೋಯಿತು, ಹಾರ್ನ್ ಕೂಡ ಹಾಕದೆ. ಹಾರ್ನ್ ಹಾಕಿದ್ದ ಎಂದು ಅಪ್ಪಿ ಹೇಳುತ್ತಾಳೆ. ಅವಳಿಗೆ ಬಸ್ಸಿನವರ ಮೇಲೆ ಭಾರೀ ಪ್ರೀತಿ.

ಕಲ್ಲು ಕಳಿಸು.

ವಿಭಾ


ಕಾರ್ಕಳ
ಜುಲೈ 11, 2024

ವಿಭಾ,

ಕಾರ್ಡಿನಲ್ಲಿ ಕಲ್ಲು ಕಳಿಸಿದ್ದೇನೆ. ಶೆಡ್ಡಿನವರು ಮೊದಲು ನಕ್ಕರು, ಆಮೇಲೆ ಅವರೇ ಬೇರೆ ಬೇರೆ ಕಲ್ಲು ತೋರಿಸಿದರು. ಅರ್ಧ ಕೆತ್ತಿದ ಒಂದು ಆನೆಯ ಹೊಟ್ಟೆಗೆ ಮೈಕ್ ಅಂಟಿಸಿ ಹಿಡಿದದ್ದು ಕೊನೆಯ ಫೈಲ್. ಅದೇ ಎಲ್ಲಕ್ಕಿಂತ ಒಳ್ಳೆಯದು.

ನಿನ್ನ ಹೊಸ ಕಾರ್ಡ್ ಕೇಳಿದೆ. ಎಡಗಡೆ ಸರಿಯಾಗಿಲ್ಲ, ಮೊದಲಿಗಿಂತ ಜೋರಾಗಿದೆ. ನನ್ನ ಹೆಂಡತಿ ಜೋನ್‌ಗೂ ಕೇಳಿಸಿದೆ. ಅವಳು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಕಂಪ್ಯೂಟರಿನಲ್ಲಿ ಹಾಕಿ ಅಳೆದೂ ನೋಡಿದೆ. ಸ್ಪೀಕರ್ ಹಾಳಾದರೆ ಸದ್ದು ಹೀಗೆ ಏರುವುದಿಲ್ಲ. ಮೇಲಿನ ಸ್ವರಗಳು ಮಾತ್ರ, ಒಂದು ಬದಿಯಲ್ಲಿ ಮಾತ್ರ, ಮೊದಲ ಕಾರ್ಡಿಗಿಂತ ಎರಡನೆಯದರಲ್ಲಿ ಹೆಚ್ಚು.

ನೀನು ಫೋನ್ ಬೇಡ ಎಂದೆ. ಬಸ್ಸು ಹಾರ್ನ್ ಹಾಕಲಿಲ್ಲ ಎಂದೆ.

ವಿಭಾ, ನಿನ್ನ ಎಡಕಿವಿ ಹೇಗಿದೆ?

ಫೌಸ್ಟಿನ್


ಕಾಪು
ಜುಲೈ 20, 2024

ಫೌಸ್ಟಿನ್,

ಮೊದಲು ಒಂದು ಪತ್ರ ಬರೆದು ಹರಿದೆ. ನನಗೆ ಎಂತ ಆಗಿಲ್ಲ, ನೀನು ನಿನ್ನ ಪಾಠ ನೋಡಿಕೋ ಎಂದು ಅದರಲ್ಲಿತ್ತು.

ಎಡಕಿವಿ ಹೋಗುತ್ತಾ ಉಂಟು. ಫೆಬ್ರವರಿಯಿಂದಲೇ ಫೋನು ಬಲಗಡೆ ಹಿಡಿಯುತ್ತಿದ್ದೆ, ಯಾಕೆಂದು ಯೋಚಿಸಿರಲಿಲ್ಲ. ಬಲಕಿವಿಯಲ್ಲೂ ಫೋನಿನ ಮಾತು ಹಿಡಿಯಲು ಈಗ ಸುಸ್ತಾಗುತ್ತದೆ, ಕೋಣೆಯ ಬೇರೆ ಸದ್ದುಗಳೆಲ್ಲ ಅದರ ಮೇಲೆ ಬಂದು ಬೀಳುತ್ತವೆ. ಜೂನ್ ಮೊದಲ ವಾರ ಒಬ್ಬಳೇ ಮಣಿಪಾಲಕ್ಕೆ ಹೋಗಿ ತೋರಿಸಿದೆ. ಸ್ಕ್ಯಾನ್ ಮಾಡಿದರು. ಕೇಳುವ ನರದ ಮೇಲೆ ಒಂದು ಗಂಟು. ಕ್ಯಾನ್ಸರ್ ಅಲ್ಲ, ಹೆದರಬೇಡ. ಆದರೆ ಇರುವ ಜಾಗ ಒಳ್ಳೆಯದಲ್ಲ, ಬೆಳೆದರೆ ಮೆದುಳನ್ನು ಒತ್ತುತ್ತದೆ, ತೆಗೆಯಬೇಕು ಎಂದರು. ತೆಗೆದರೆ ಆ ಕಿವಿ ಪೂರ್ತಿ ಹೋಗುತ್ತದೆ. ಸ್ವಲ್ಪ ಉಳಿಯಬಹುದಾ ಎಂದು ಕೇಳಿದೆ. ಡಾಕ್ಟರಮ್ಮ ನನ್ನ ಕೆಲಸ ಎಂತ ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟರು. ನನಗೆ ಉತ್ತರ ಸಿಕ್ಕಿತು.

ತುಂಬಾ ದಿನ ತಳ್ಳಬೇಡಿ ಎಂದರು. ನಾನು ಡಿಸೆಂಬರ್ ಎಂದೆ. ಅವರು ಬೇಡ ಎಂದರು. ನಾನು ಎದ್ದು ಬಂದೆ.

ಈ ಕೃತಿ ಎರಡು ಕಿವಿ ಇರುವವಳು ಕಟ್ಟಿದ್ದು. ಎರಡು ಕಿವಿಯಲ್ಲೇ ಮುಗಿಸಬೇಕು. ಆಮೇಲೆ ಅವರು ಎಂತ ಬೇಕಾದರೂ ತೆಗೆಯಲಿ.

ಗುರುಪ್ರಸಾದರಿಗೆ ಹೇಳಿಲ್ಲ. ಹೇಳಿದರೆ ಅವರು ಮರುದಿನವೇ ನನ್ನನ್ನು ಆಸ್ಪತ್ರೆಗೆ ಸೇರಿಸುತ್ತಾರೆ, ನಾನು ಅತ್ತರೂ ಕೇಳುವುದಿಲ್ಲ. ಅವರದು ತಪ್ಪಲ್ಲ. ಅವರಿಗೆ ಮೇಲಿನ ಕೋಣೆ ಎಂದರೆ ನಾನು ಸಂಜೆ ಹೊತ್ತು ಬಾಗಿಲು ಹಾಕಿಕೊಳ್ಳುವ ಜಾಗ. ನೀನೂ ಹೇಳಬೇಡ. ಯಾರಿಗೂ ಹೇಳುವುದಿಲ್ಲ ಎಂದು ಬರೆದು ಕಳಿಸು.

ಆನೆಯ ಹೊಟ್ಟೆ ಬಹಳ ಚೆನ್ನಾಗಿದೆ.

ವಿಭಾ


ಕಾರ್ಕಳ
ಜುಲೈ 25, 2024

ವಿಭಾ,

ಯಾರಿಗೂ ಹೇಳುವುದಿಲ್ಲ. ಒಂದು ಷರತ್ತಿನ ಮೇಲೆ. ಅಪ್ಪಿಯನ್ನು ಸ್ಕೂಟರಿನಲ್ಲಿ ಕೂರಿಸಬೇಡ. ನೀನೂ ಓಡಿಸಬೇಡ.

ಆ ನರ ಕೇಳಿಸುವುದಕ್ಕೆ ಮಾತ್ರವಲ್ಲ, ನಮ್ಮನ್ನು ನೇರ ನಿಲ್ಲಿಸುವುದೂ ಅದರ ಪಕ್ಕದ್ದೇ. ನಾನು ಓದಿ ನೋಡಿದೆ. ನಿನಗೆ ತಲೆ ತಿರುಗುತ್ತದಾ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೀಯಾ? ನನಗೆ ಉತ್ತರ ಬರೆಯಬೇಡ, ನಿನಗೇ ಹೇಳಿಕೋ.

ಶಾಲೆಗೆ ವ್ಯಾನ್ ಬರುತ್ತದಲ್ಲ? ಅದಕ್ಕೆ ಹಾಕು.

ಎಡಗಡೆಯ ಕೆಲಸ ನನಗೆ ಕಳಿಸುತ್ತಿರು. ಎಷ್ಟು ಇಳಿಸಬೇಕೆಂದು ನಾನು ಹೇಳುತ್ತೇನೆ.

ಫೌಸ್ಟಿನ್


ಕಾಪು
ಆಗಸ್ಟ್ 14, 2024

ಫೌಸ್ಟಿನ್,

ನೀನು ಇಳಿಸಲು ಹೇಳಿದಲ್ಲೆಲ್ಲ ಇಳಿಸಿದ್ದೇನೆ. ಇಳಿಸಿದಾಗ ಆ ಬದಿ ನನಗೆ ಖಾಲಿ. ಆದರೂ ನಿನ್ನನ್ನು ನಂಬಿ ಇಳಿಸಿದೆ.

ಆಮೇಲೆ ಒಂದು ಉಪಾಯ ಸಿಕ್ಕಿತು. ಎಡ ಸ್ಪೀಕರಿನ ಮುಂದಿನ ಬಟ್ಟೆ ತೆಗೆದುಬಿಟ್ಟೆ. ಒಳಗಿನ ಕಾಗದದ ಬಟ್ಟಲಿನ ಮೇಲೆ ಬೆರಳ ತುದಿ ಇಟ್ಟು ಕೂರುತ್ತೇನೆ. ಬಲಗಡೆಯದ್ದು ಕಿವಿಗೆ, ಎಡಗಡೆಯದ್ದು ಬೆರಳಿಗೆ. ಅಲೆ ಬರುವ ಮುಂಚೆ ಬಟ್ಟಲು ಒಮ್ಮೆ ಒಳಗೆ ಸರಿಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಲ್ಲಿನ ಸದ್ದು ಬೆರಳಿಗೆ ಕಚ್ಚುತ್ತದೆ. ತೆಳ್ಳಗಿನ ಸ್ವರಗಳು ಸಿಗುವುದಿಲ್ಲ, ಅವನ್ನು ಪರದೆಯ ಮೇಲೆ ನೋಡಿ ಅಂದಾಜಿಸುತ್ತೇನೆ. ಮೊನ್ನೆ ಹೀಗೆ ಕೂತು ಕಲ್ಲನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ನಡೆಸಿದೆ. ಯಾರೋ ಕೋಣೆಯಲ್ಲಿ ನನ್ನ ಹಿಂದೆ ಹಾದು ಹೋದಂತಾಗಿ ತಿರುಗಿ ನೋಡಿದೆ. ಇಷ್ಟು ವರ್ಷದಲ್ಲಿ ನಾನು ಮಾಡಿದ್ದರಲ್ಲಿ ಇದು ದೊಡ್ಡದು. ಹೇಳಿಕೊಳ್ಳಲು ನಾಚಿಕೆ ಇಲ್ಲ.

ಬೋಟುಗಳು ಮತ್ತೆ ಇಳಿದಿವೆ. ಅಪ್ಪಿಗೆ ವ್ಯಾನ್ ಮಾಡಿದ್ದೇವೆ. ಸೋಮವಾರ ಅದು ತಪ್ಪಿ ಹೋಯಿತು, ನಾನೇ ಬಿಡಬೇಕಾಯಿತು. ಮೀನು ಮಾರುಕಟ್ಟೆಯ ತಿರುವಿನಲ್ಲಿ ನೀರು ನಿಂತಿತ್ತು, ಸ್ಕೂಟರು ಸ್ವಲ್ಪ ವಾಲಿತು. ಎಂತ ಆಗಲಿಲ್ಲ. ಅಪ್ಪಿಯ ಮೊಣಕಾಲು ತರಚಿದೆ, ಮೂರು ಹೊಲಿಗೆ. ಮಳೆಯಲ್ಲಿ ಯಾರೂ ಬೀಳಬಹುದು ಎಂದು ಇವರೂ ಅಂದರು.

ಇನ್ನು ಕೊನೆಯ ಭಾಗ ಮಾತ್ರ ಬಾಕಿ.

ವಿಭಾ


ಕಾರ್ಕಳ
ಆಗಸ್ಟ್ 17, 2024

ಶ್ರೀ ಗುರುಪ್ರಸಾದ್ ಅವರಿಗೆ,

ನಾನು ಫೌಸ್ಟಿನ್. ವಿಭಾಳ ಜೊತೆ ನಿಟ್ಟೆಯಲ್ಲಿ ಓದಿದವನು. ನಿಮ್ಮ ಮದುವೆಗೆ ಬಂದಿದ್ದೆ.

ಇದನ್ನು ನಿಮ್ಮ ಕಾಲೇಜಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ, ಮನೆಗಲ್ಲ. ವಿಭಾಳ ಎಡಕಿವಿಯ ನರದಲ್ಲಿ ಗಂಟು ಇದೆ. ಜೂನ್ ತಿಂಗಳಲ್ಲಿ ಮಣಿಪಾಲದಲ್ಲಿ ಸ್ಕ್ಯಾನ್ ಆಗಿದೆ. ಆಪರೇಷನ್ ತಡ ಮಾಡಬಾರದು ಎಂದಿದ್ದಾರೆ. ಅವಳು ಡಿಸೆಂಬರ್ ತನಕ ಕಾಯುತ್ತಿದ್ದಾಳೆ. ಅವಳಿಗೆ ಆ ಬದಿಯಲ್ಲಿ ಈಗ ಹೆಚ್ಚುಕಡಿಮೆ ಏನೂ ಕೇಳಿಸುವುದಿಲ್ಲ. ನಡೆಯುವಾಗ ಆಯ ತಪ್ಪುತ್ತದೆ ಎಂದು ನನ್ನ ಊಹೆ. ಸೋಮವಾರ ಸ್ಕೂಟರ್ ಬಿದ್ದದ್ದು ಮಳೆಯಿಂದ ಮಾತ್ರ ಅಲ್ಲ.

ಯಾರಿಗೂ ಹೇಳುವುದಿಲ್ಲ ಎಂದು ಅವಳಿಗೆ ಬರೆದು ಕೊಟ್ಟಿದ್ದೆ. ಮಗು ಹಿಂದೆ ಕೂತಿತ್ತು.

ಅವಳನ್ನು ಬೈಯಬೇಡಿ.

ಫೌಸ್ಟಿನ್


ಕಾಪು
ಆಗಸ್ಟ್ 23, 2024

ಫೌಸ್ಟಿನ್,

ಅಂದು, ನಾಲ್ಕು ವರ್ಷದ ಹಿಂದೆ, ನಾವಿಬ್ಬರೂ ಸೇರಿ ಮಾಡಬೇಕಿದ್ದ ಕಾರ್ಯಕ್ರಮದ ಹಿಂದಿನ ದಿನ ಬರುವುದಿಲ್ಲ ಎಂದು ನೀನು ನನ್ನನ್ನು ಕೈಬಿಟ್ಟೆ. ಇಂದು ಇನ್ನು ಒಂದೇ ಭಾಗ ಬಾಕಿ ಇರುವಾಗ ಇವರಿಗೆ ಹೇಳಿಬಿಟ್ಟೆ. ನಿನಗೆ ಬೇರೆಯವರು ಮುಗಿಸುವುದನ್ನು ನೋಡಲಿಕ್ಕೆ ಆಗುವುದಿಲ್ಲ.

ನಿನ್ನ ಕಲ್ಲಿನ ಕಾರ್ಡನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಇನ್ನು ಬರೆಯಬೇಡ.

ವಿಭಾ


ಕಾಪು
ಅಕ್ಟೋಬರ್ 6, 2024

ಫೌಸ್ಟಿನ್ ಅವರಿಗೆ,

ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಧನ್ಯವಾದ ಹೇಳಬೇಕೆಂದು ತಿಳಿದಿದೆ. ಹೇಳಲು ಬಾಯಿ ಬರುವುದಿಲ್ಲ. ನನ್ನ ಹೆಂಡತಿಯ ಕಿವಿಯ ಸುದ್ದಿ ಕಾರ್ಕಳದಿಂದ ಅಂಚೆಯಲ್ಲಿ ನನಗೆ ಬಂತು.

ಅಂದು ಮನೆಗೆ ಬಂದು ಪತ್ರವನ್ನು ಅವಳ ಎದುರಿಗೆ ಇಟ್ಟೆ. ಅವಳು ಓದಿ, ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ನಾನು ಮಾತಾಡಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಒಂದು ವಾರ ಅವಳು ಆಸ್ಪತ್ರೆಗೆ ಒಪ್ಪಲಿಲ್ಲ. ಕೊನೆಗೆ ಒಪ್ಪಿಸಿದ್ದು ನಾನಲ್ಲ. ಮೊಣಕಾಲಿನ ಹೊಲಿಗೆ ಬಿಚ್ಚಿಸಿ ಬಂದ ದಿನ ಅಪ್ಪಿ ಅವಳ ಹತ್ತಿರ ಹೋಗಿ, ಅಮ್ಮ, ಇನ್ನು ನಾನು ವ್ಯಾನ್ ತಪ್ಪಿಸುವುದಿಲ್ಲ ಎಂದಳು. ತನ್ನಿಂದಲೇ ಎಲ್ಲ ಆಯಿತು ಎಂದು ಮಗು ತಿಳಿದಿತ್ತು. ಅಂದು ಸಂಜೆಯೇ ವಿಭಾ ಡಾಕ್ಟರಿಗೆ ಫೋನ್ ಮಾಡಿಸಿದಳು.

ಸೆಪ್ಟೆಂಬರ್ ಹನ್ನೊಂದಕ್ಕೆ ಆಪರೇಷನ್ ಆಯಿತು. ಗಂಟು ಪೂರ್ತಿ ತೆಗೆದಿದ್ದಾರೆ. ಆ ಕಿವಿ ಹೋಗಿದೆ. ಮುಖದ ಎಡಭಾಗ ಸ್ವಲ್ಪ ಜಗ್ಗಿದೆ, ಸರಿಯಾದೀತು ಎನ್ನುತ್ತಾರೆ. ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದಾಳೆ. ಮೇಲಿನ ಕೋಣೆಗೆ ಹೋಗುವುದಿಲ್ಲ. ಅವಳು ಅಲ್ಲಿಗೆ ಹೋಗದಿದ್ದರೆ ಸಾಕು ಎಂದು ನಾನು ಹಿಂದೆ ಎಷ್ಟೋ ಸಲ ಅಂದುಕೊಂಡದ್ದಿದೆ. ಈಗ ಆ ಬಾಗಿಲು ಮುಚ್ಚಿರುವುದನ್ನು ನೋಡಲು ಆಗುತ್ತಿಲ್ಲ.

ಮಣಿಪಾಲದವರು ಫೋನ್ ಮಾಡುತ್ತಿದ್ದಾರೆ. ಕೊನೆಯ ಭಾಗ ಬಾಕಿ ಇದೆಯಂತೆ. ನೀವು ಬಂದು ಮುಗಿಸಿ ಕೊಡಲು ಸಾಧ್ಯವೇ? ಅವಳಿಗೆ ತಿಳಿಸದೆ ಕೇಳುತ್ತಿದ್ದೇನೆ.

ಗುರುಪ್ರಸಾದ್


ಕಾರ್ಕಳ
ಅಕ್ಟೋಬರ್ 12, 2024

ಗುರುಪ್ರಸಾದ್ ಅವರೇ,

ಸಾಧ್ಯವಿಲ್ಲ. ಫೈಲುಗಳನ್ನು ತೆರೆದರೆ ಮಾಡಲು ಬರುತ್ತದೆ, ಆದರೆ ಮಾಡುವುದಿಲ್ಲ. ಒಮ್ಮೆ ಅವಳಿಗೆ ತಿಳಿಸದೆ ನಿಮಗೆ ಬರೆದೆ. ಮಗು ಇದ್ದದ್ದರಿಂದ ಬರೆದೆ, ಇನ್ನೊಮ್ಮೆ ಆದರೂ ಬರೆಯುತ್ತೇನೆ. ಇದು ಹಾಗಲ್ಲ. ಇದು ಅವಳದ್ದು.

ಮಣಿಪಾಲದವರಿಗೆ ಉತ್ತರ ಅವಳೇ ಹೇಳಲಿ. ಆಗುವುದಿಲ್ಲ ಎಂದಾದರೂ ಅವಳೇ ಹೇಳಲಿ. ಅವರು ಫೋನ್ ಮಾಡುತ್ತಿದ್ದಾರೆ ಎಂದು ದಯವಿಟ್ಟು ಅವಳಿಗೆ ತಿಳಿಸಿ.

ಫೌಸ್ಟಿನ್


ಕಾಪು
ಜನವರಿ 9, 2025

ಫೌಸ್ಟಿನ್,

ನೀನು ಇವರಿಗೆ ಬರೆದ ಎರಡು ಪತ್ರವನ್ನೂ ಓದಿದ್ದೇನೆ. ಎರಡನೆಯದನ್ನು ಇವರು ನವೆಂಬರಿನಲ್ಲಿ ನನ್ನ ತಟ್ಟೆಯ ಪಕ್ಕ ಇಟ್ಟು ಹೋದರು. ಓದಿದ ಮೇಲೆ ಗೋಡೆ ಹಿಡಿದು ಮೇಲೆ ಹತ್ತಿದೆ.

ಮಾಡಿದ್ದನ್ನು ಹಾಕಿ ಕೇಳಿದೆ. ಅಲೆ ಎಲ್ಲಿಗೂ ತಿರುಗಲಿಲ್ಲ. ಕಲ್ಲು ಎಲ್ಲಿಗೂ ನಡೆಯಲಿಲ್ಲ. ಎಲ್ಲವೂ ಬಲಗಡೆಯ ಒಂದೇ ಕಿಂಡಿಯಲ್ಲಿ ಬಂದು ರಾಶಿ ಬಿತ್ತು. ಒಂದು ಕಿವಿಯಲ್ಲಿ ದಿಕ್ಕು ಎಂಬುದೇ ಇಲ್ಲ ಫೌಸ್ಟಿನ್. ಅಪ್ಪಿ ಅಮ್ಮಾ ಎಂದರೆ ನಾನು ಮನೆಯೆಲ್ಲ ಸುತ್ತುತ್ತೇನೆ, ಅವಳು ಪಕ್ಕದಲ್ಲೇ ನಿಂತಿರುತ್ತಾಳೆ. ಬೆರಳು ಇಟ್ಟು ನೋಡಿದೆ. ಬೆರಳಿಗೆ ಬಡಿತ ಸಿಕ್ಕಿತು, ಅಷ್ಟೇ. ಅದು ಸಾಲಲಿಲ್ಲ. ಅಂದು ಯಂತ್ರ ಆರಿಸಿ ಕೆಳಗೆ ಬಂದೆ.

ಹಲವು ದಿನ ಹಾಗೇ ಹೋಯಿತು. ಆಮೇಲೆ ಮಣಿಪಾಲದ ಪ್ರತೀಕನಿಗೆ ಹೇಳಿ ಕಳಿಸಿದೆ, ನಾಲ್ಕು ಸ್ಪೀಕರ್ ಬೇಡ, ಒಂದೇ ಸಾಕು, ನಡುವೆ ಇಡು, ಜನ ಸುತ್ತ ಕೂರಲಿ ಎಂದು. ನಾಲ್ಕು ಎಂದು ಪೋಸ್ಟರ್ ಮಾಡಿಸಿ ಆಗಿತ್ತು, ಅವನಿಗೆ ಬೇಸರವಾಯಿತು. ಮೇಡಂ, ಸದ್ದು ಸುತ್ತ ತಿರುಗುವುದೇ ಅಲ್ವಾ ಇದರ ವಿಶೇಷ ಎಂದ. ಇತ್ತು, ಈಗ ಇಲ್ಲ ಎಂದೆ. ಮೊದಲಿನಿಂದ ಮತ್ತೆ ಕಟ್ಟಿದೆ. ಹಳೆಯದ್ದಕ್ಕಿಂತ ಒಳ್ಳೆಯದಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡ. ಹಳೆಯದು ದೊಡ್ಡದಿತ್ತು. ಇದು ಬೇರೆ.

ಆಪರೇಷನ್ ಆದಂದಿನಿಂದ ಆ ಸತ್ತ ಕಿವಿಯಲ್ಲಿ ಒಂದು ಸಿಳ್ಳೆ ಶುರುವಾಗಿದೆ. ಹಗಲೂ ರಾತ್ರಿಯೂ ನಿಲ್ಲುವುದಿಲ್ಲ. ಕೆಲವರಿಗೆ ಹಾಗಾಗುತ್ತದೆ, ಅಭ್ಯಾಸವಾಗುತ್ತದೆ ಎಂದರು. ಕೊನೆಯ ಭಾಗಕ್ಕೆ ಎಂತ ಹಾಕಬೇಕೆಂದು ತಿಳಿಯದೆ ಕೂತಿದ್ದಾಗ, ಸಿಂತಸೈಜರಿನ ಗುಂಡಿ ತಿರುಗಿಸಿ ಅದೇ ಸ್ವರವನ್ನು ಹುಡುಕಿದೆ. ಮೇಲೆ ಹೋಯಿತು, ಕೆಳಗೆ ಬಂತು, ಒಂದು ಕಡೆ ಕೂತಿತು. ಆಗ ಯಾವುದು ಒಳಗಿನದು ಯಾವುದು ಹೊರಗಿನದು ನನಗೇ ತಿಳಿಯದಾಯಿತು. ಅಲೆಯೂ ಕಲ್ಲೂ ಎಲ್ಲ ನಿಂತ ಮೇಲೆ ಅದೊಂದನ್ನೇ ಬಹಳ ಹೊತ್ತು ಬಿಟ್ಟೆ.

ಡಿಸೆಂಬರಿನಲ್ಲಿ ಮಣಿಪಾಲದ ಪ್ರದರ್ಶನದಲ್ಲಿ ಆ ಭಾಗ ಬಂದಾಗ ಕೆಲವರು ಎದ್ದು ಹೋದರು. ಉಳಿದವರು ಕುರ್ಚಿಯಲ್ಲಿ ಅಲುಗಾಡಿದರು. ಇವರು ಮುಂದಿನ ಸಾಲಿನಲ್ಲಿ ಕೂತಿದ್ದರು, ಅಪ್ಪಿ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಹಿಂದೆ ಬರುವಾಗ ಕಾರು ಉಡುಪಿ ದಾಟಿತು. ಆಮೇಲೆ ಇವರು ಕೇಳಿದರು, "ಆ ಕೊನೆಯ ಸದ್ದು, ಅದು ನಿನಗೆ ಯಾವಾಗಲೂ ಇರ್ತದಾ?"

"ಹೌದು."

"ಈಗಲೂ?"

"ಈಗಲೂ ಉಂಟು."

ಉದ್ಯಾವರದ ಹತ್ತಿರ ಕಾರನ್ನು ರಸ್ತೆಯ ಬದಿಗೆ ಹಾಕಿ, ಎರಡೂ ಕೈ ಸ್ಟೇರಿಂಗ್ ಮೇಲೆ ಇಟ್ಟು ಕೂತರು. ಅಪ್ಪಿ ಎದ್ದು, ಮನೆ ಬಂತಾ ಎಂದು ಕೇಳಿದಳು. ಇನ್ನೂ ಇಲ್ಲ ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು.

ನೀನು ಬಂದಿದ್ದೆ. ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದೆ, ದೀಪ ಹಾಕುವ ಮುಂಚೆ ಹೊರಟುಹೋದೆ. ಸಿಳ್ಳೆಯ ಹೊತ್ತಿನಲ್ಲಿ ನೀನು ಮುಖ ಸಿಂಡರಿಸಿದ್ದನ್ನೂ ನೋಡಿದೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಕೂತೆ. ಆಗಲಿಲ್ಲ. ನೀನು ಮಾಡಿದ್ದು ಸರಿ ಎಂದು ಗೊತ್ತುಂಟು. ಅಪ್ಪಿಯ ಮೊಣಕಾಲು ತೊಳೆಯುವಾಗಲೆಲ್ಲ ಗೊತ್ತಾಗುತ್ತದೆ. ಆದರೆ ಗೊತ್ತಿರುವುದು ಒಂದು ಕಡೆ, ನಿನ್ನ ಮೇಲಿನ ಸಿಟ್ಟು ಇನ್ನೊಂದು ಕಡೆ ಉಂಟು, ಅದು ಇನ್ನೂ ಇಳಿದಿಲ್ಲ.

ಈ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಾ. ಕಲ್ಲಿನ ಕಾರ್ಡ್ ತಾ. ಕೆಳಗಿನಿಂದ ಕರೆಯಬೇಡ, ಯಾರು ಎಲ್ಲಿಂದ ಕರೆದರೆಂದು ಹುಡುಕುವುದರಲ್ಲೇ ನನಗೆ ಸಾಕಾಗುತ್ತದೆ. ನೇರ ಮೇಲೆ ಬಂದು ಬಲಗಡೆಯ ಕುರ್ಚಿಯಲ್ಲಿ ಕೂತುಕೋ. ಮೊದಲು ನಾನು ನಿನ್ನನ್ನು ಚೆನ್ನಾಗಿ ಬೈಯಲಿಕ್ಕುಂಟು, ತುಳುವಿನಲ್ಲಿ. ಆಮೇಲೆ ಕೆಲಸ.

ವಿಭಾ